ಗುಂಡಿಗಾಗಿ ಗುಂಡಿ ತೋಡುವ ಮುನ್ನ

ಗುಂಡಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ತೆಂಗಿನ ಸಸಿ ನೆಡಲು ತೋಡುವುದೂ ಗುಂಡಿ, ಅಂಗಿಗೆ ಹಾಕುವ ಬಟನ್ನೂ ಗುಂಡಿ. ಈ ಎರಡನ್ನೂ ಸೇರಿಸಿದ ವಿಡಿಯೊಗಳು ಈಗ ಮೊಬೈಲಿಗೆ ಬರುತ್ತಿವೆ. ಇಂಗ್ಲೆಂಡಿನ ಯಾವುದೋ ಹೊಲದಲ್ಲಿ ಒಬ್ಬ ಮೆಟಲ್ ಡಿಟೆಕ್ಟರ್ ಹಿಡಿದು ನಡೆಯುತ್ತಾನೆ. ಯಂತ್ರ ಕೂಗುತ್ತದೆ. ನೆಲ ಅಗೆದರೆ ಹಳೆಯ ಕಾಲದ ಸೈನಿಕನ ಕೋಟಿನ ಗುಂಡಿ ಸಿಗುತ್ತದೆ. ಅದನ್ನು ಉಜ್ಜಿ ತೊಳೆದು ಹೊಳೆಯುವಂತೆ ಮಾಡಿ ತೋರಿಸುತ್ತಾನೆ. ಲಕ್ಷ ಲಕ್ಷ ಜನ ನೋಡುತ್ತಾರೆ.

ಅಂಥ ಯಂತ್ರ ನಮಗೂ ಆನ್‌ಲೈನಿನಲ್ಲಿ ಸಿಗುತ್ತದೆ. ಕಾಪುವಿನ ಮಲ್ಲಾರಿನಲ್ಲಿ ಕೋಟೆಯ ಕುರುಹು ಇದೆ. ಮಲ್ಪೆಯ ಕಡಲಲ್ಲಿ ಕೆಳದಿಯ ಬಸವಪ್ಪ ನಾಯಕನ ದರಿಯಾ ಬಹದ್ದೂರ್‌ಗಡ ಇದೆ. ಕಾರ್ಕಳದ ಗುಡ್ಡಗಳಲ್ಲಿ ಅರಸರ ಕಾಲದ ಎಷ್ಟೋ ನೆನಪುಗಳಿವೆ. ಹಾಗಾದರೆ ಇಲ್ಲೂ ಹುಡುಕಬಾರದೇಕೆ ಎಂದು ಹುಡುಗರು ಕೇಳುವುದು ಸಹಜ.

ಸೈನಿಕರ ಗುಂಡಿಗೆ ನಮ್ಮ ನೆಲದಲ್ಲಿ ಚರಿತ್ರೆ ಖಂಡಿತ ಇದೆ. ಆದರೆ ಆ ಚರಿತ್ರೆ ಇರುವುದು ಗುಂಡಿಯ ಹೊಳಪಿನಲ್ಲಲ್ಲ. ಅದು ಸಿಕ್ಕಿದ ಜಾಗದಲ್ಲಿ, ಅದಕ್ಕೆ ಮೆತ್ತಿಕೊಂಡ ಮಣ್ಣಿನಲ್ಲಿ ಇರುವುದು. ಅದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇವೆ.

ಕೆಂಪು ಕೋಟಿನವರು ಬಂದ ದಾರಿ

ನಮ್ಮ ಕರಾವಳಿಗೆ ಯುರೋಪಿನ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಎರಡನೆಯ ಮೈಸೂರು ಯುದ್ಧದ ಹೊತ್ತಿಗೆ. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. ಆಗ ಟಿಪ್ಪು ಇದ್ದದ್ದು ದೂರದ ಮಲಬಾರಿನ ಕಡೆ. ಇದೇ ಸಮಯ ಎಂದು ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸರಕಾರ ಜನರಲ್ ಮ್ಯಾಥ್ಯೂಸ್ ಎಂಬವನ ಕೈಕೆಳಗೆ ಸೈನ್ಯವನ್ನು ಹಡಗು ಹತ್ತಿಸಿತು. ಅವರು ಈಗಿನ ಉತ್ತರ ಕನ್ನಡದ ತೀರದಲ್ಲಿ ಇಳಿದರು. 1783ರ ಜನವರಿಯಲ್ಲಿ ಹೊನ್ನಾವರ ಹಿಡಿದರು, ಕುಂದಾಪುರಕ್ಕೆ ಬಂದರು, ಹೊಸಂಗಡಿ ಘಾಟಿ ಹತ್ತಿ ಬಿದನೂರು ಸೇರಿದರು. ಇವತ್ತು ವಾರಾಹಿ ವಿದ್ಯುತ್ ಘಟಕ ಇರುವ ಹೊಸಂಗಡಿಯೇ ಅದು. ಬಿದನೂರೆಂದರೆ ಈಗಿನ ಹೊಸನಗರ ತಾಲೂಕಿನ ನಗರ.

ಅದೇ ಮಾರ್ಚಿನಲ್ಲಿ ಮಂಗಳೂರೂ ಕಂಪನಿಯ ಕೈಸೇರಿತು. ಆದರೆ ಏಪ್ರಿಲ್ ಮುಗಿಯುವ ಹೊತ್ತಿಗೆ ಟಿಪ್ಪು ಬಂದು ಬಿದನೂರನ್ನು ಮರಳಿ ಗೆದ್ದ. ಸೆರೆಸಿಕ್ಕ ಮ್ಯಾಥ್ಯೂಸ್ ಶ್ರೀರಂಗಪಟ್ಟಣದಲ್ಲೇ ಸತ್ತ. ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಮಂಗಳೂರು ಕೋಟೆಗೆ ಮುತ್ತಿಗೆ ನಡೆಯಿತು. ಹೊರಗೆ ಟಿಪ್ಪುವಿನ ಪಡೆ, ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಕೈಕೆಳಗೆ ಸ್ಕಾಟ್ಲೆಂಡಿನ ಹೈಲ್ಯಾಂಡರ್ ಸೈನಿಕರು ಮತ್ತು ಬೊಂಬಾಯಿಯ ಸಿಪಾಯಿಗಳು. ಊಟಕ್ಕಿಲ್ಲದೆ, ಕಾಯಿಲೆ ಬಿದ್ದು ಅವರು ಕೊನೆಗೆ ಕೋಟೆ ಬಿಟ್ಟುಕೊಟ್ಟರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು.

ಕುಂದಾಪುರ ಒಂದು ತುದಿ, ಮಂಗಳೂರು ಇನ್ನೊಂದು ತುದಿ. ನಮ್ಮ ಉಡುಪಿ, ಕಾಪು ಇವೆರಡರ ನಡುವಿನ ಊರುಗಳು. ನೂರಾರು ಸೈನಿಕರು ಕೋಟು ತೊಟ್ಟು ಹೊಳೆ ದಾಟಿದ, ಗದ್ದೆಯಲ್ಲಿ ಬೀಡುಬಿಟ್ಟ ಕಾಲ ಅದು. ಆ ಸೈನ್ಯಗಳಿಗೆ ಮಂಗಳೂರು ಎಷ್ಟು ದೊಡ್ಡ ನೆನಪೆಂದರೆ, ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್ ರೆಜಿಮೆಂಟಿನ ಯುದ್ಧ ಗೌರವಗಳ ಪಟ್ಟಿಯಲ್ಲಿ ಮಂಗಳೂರಿನ ಹೆಸರು ಉಳಿದಿದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕನ್ನಡ ಜಿಲ್ಲೆ ಪೂರ್ತಿ ಕಂಪನಿಯ ಪಾಲಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆದ. 1837ರಲ್ಲಿ ಸುಳ್ಯದ ಕಡೆಯ ರೈತರು ಬಂಡೆದ್ದು ಏಪ್ರಿಲ್ 5ರಂದು ಮಂಗಳೂರು ಹಿಡಿದರು. ಬಾವುಟಗುಡ್ಡೆಯ ಹೆಸರು ಆ ಕಾಲದ ನೆನಪು. 13 ದಿನಗಳ ಆ ಆಳ್ವಿಕೆಯನ್ನು ಮುಗಿಸಲು ಮತ್ತೆ ಹೊರಗಿನಿಂದ ಸೈನ್ಯ ಬಂತು. ಹೀಗೆ ಒಂದರ ಮೇಲೊಂದು ಪದರವಾಗಿ ಸೈನಿಕರ ಹೆಜ್ಜೆ ನಮ್ಮ ನೆಲದ ಮೇಲೆ ಬಿದ್ದಿದೆ.

ನಗರದ ಬಾವಿ ಹೇಳಿದ ಪಾಠ

ಸೈನ್ಯದ ಲೋಹದ ವಸ್ತು ನೆಲದಲ್ಲಿ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ನಮ್ಮ ಘಾಟಿಯ ಮೇಲೆಯೇ ಇದೆ. ಅದು ಗುಂಡಿಯ ಕತೆಯಲ್ಲ, ರಾಕೆಟ್ಟಿನ ಕತೆ.

2002ರಲ್ಲಿ ನಗರದಲ್ಲಿ ಸುಮಾರು 160 ಹಳೆಯ ರಾಕೆಟ್‌ಗಳು ಸಿಕ್ಕಿದ್ದವು. 2018ರ ಜುಲೈಯಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅಲ್ಲಿನ ಪಾಳುಬಾವಿಯೊಂದನ್ನು ಅಗೆದರು. ಹದಿನೈದು ಜನರ ತಂಡ, ಮೂರು ದಿನದ ಕೆಲಸ. ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ರಾಶಿಯಾಗಿ ಸಿಕ್ಕವು. ಒಂದೊಂದೂ 23ರಿಂದ 26 ಸೆಂಟಿಮೀಟರ್ ಉದ್ದದ ಕಬ್ಬಿಣದ ಕೊಳವೆ. ತುಕ್ಕು ಹಿಡಿದಿದ್ದರೂ ಒಳಗೆ ಮದ್ದು ಉಳಿದಿತ್ತು. ಟಿಪ್ಪುವಿನ ಕಾಲದ ಯುದ್ಧ ರಾಕೆಟ್‌ಗಳು ಅವು ಎಂದು ಇಲಾಖೆ ತಿಳಿಸಿತು. ಇಂಥ ಮೈಸೂರು ರಾಕೆಟ್‌ಗಳನ್ನು ನೋಡಿಯೇ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು.

ಬಾವಿಯಲ್ಲಿ ಏನೋ ಇದೆ ಎಂದು ಅವರಿಗೆ ಸುಳಿವು ಕೊಟ್ಟದ್ದು ಮಣ್ಣು. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತು. ಯಾರಾದರೂ ಮೊದಲೇ ಆ ಕೊಳವೆಗಳನ್ನು ಎತ್ತಿ, ತೊಳೆದು, ಗುಜರಿಗೆ ಹಾಕಿದ್ದರೆ ಏನಾಗುತ್ತಿತ್ತು? ಕಿಲೋ ಲೆಕ್ಕದ ಕಬ್ಬಿಣ ಆಗುತ್ತಿತ್ತು, ಅಷ್ಟೆ. ವಾಸನೆ ಹೋಗುತ್ತಿತ್ತು. ಎಷ್ಟು ಆಳದಲ್ಲಿತ್ತು, ಜೊತೆಗೆ ಏನಿತ್ತು ಎಂಬುದೂ ಹೋಗುತ್ತಿತ್ತು. ನಗರದಲ್ಲಿ ರಾಕೆಟ್‌ಗಳ ದಾಸ್ತಾನು ಇತ್ತು ಎಂಬ ಸಂಗತಿಯೇ ನಮಗೆ ತಿಳಿಯುತ್ತಿರಲಿಲ್ಲ.

ಗುಂಡಿಗೂ ಇದೇ ಮಾತು. ಅಂಗೈಯಲ್ಲಿಟ್ಟ ಒಂದು ಗುಂಡಿ ಯಾವ ಸೈನ್ಯದ್ದೆಂದು ಹೇಳೀತು. ಆದರೆ ಹೊಸಂಗಡಿ ಘಾಟಿಯ ಹಳೆಯ ದಾರಿಯ ಬದಿಯಲ್ಲಿ ಇಂತಿಷ್ಟು ಆಳದಲ್ಲಿ ಮೂರು ಗುಂಡಿ, ಎರಡು ಸೀಸದ ಗುಂಡು, ಒಂದು ಮುರಿದ ಬಕಲ್ ಒಟ್ಟಿಗೆ ಇದ್ದವು ಎಂದರೆ, ಅಲ್ಲಿ ಒಂದು ತುಕಡಿ ತಂಗಿತ್ತೋ ಒಬ್ಬ ಸೈನಿಕ ಬಿದ್ದನೋ ಎಂದು ತಿಳಿದವರು ಯೋಚಿಸಬಹುದು. ಜಾಗ ಮರೆತ ಗುಂಡಿಯಿಂದ ಅಷ್ಟೂ ಕತೆ ಕಳಚಿಹೋಗುತ್ತದೆ.

ಗುಂಡಿಯನ್ನು ಓದುವುದು ಹೇಗೆ

ಹಾಗೆಂದು ಗುಂಡಿಯೇ ಏನೂ ಹೇಳುವುದಿಲ್ಲ ಎಂದಲ್ಲ. ಓದಲು ಬಂದರೆ ಅದೊಂದು ಸಣ್ಣ ಶಾಸನ.

ಮೊದಲು ಸಂಖ್ಯೆ ನೋಡಬೇಕು. ಬ್ರಿಟಿಷ್ ಸೈನ್ಯದಲ್ಲಿ ಪ್ರತಿ ರೆಜಿಮೆಂಟು ತನ್ನ ಸಂಖ್ಯೆಯನ್ನು ಗುಂಡಿಯ ಮೇಲೆ ಹಾಕಬೇಕೆಂದು 1767ರಲ್ಲಿ ಆದೇಶವಾಯಿತು. ಮಂಗಳೂರು ಕೋಟೆಯೊಳಗಿದ್ದ ಹೈಲ್ಯಾಂಡರುಗಳು 42ನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್‌ನವರು. 1786ರಲ್ಲಿ ಆ ಬೆಟಾಲಿಯನ್ ಬೇರೆಯಾಗಿ 73ನೆಯ ರೆಜಿಮೆಂಟ್ ಆಯಿತು. ಎಂದರೆ ಅದೇ ಸೈನಿಕರ ಗುಂಡಿ ಮುತ್ತಿಗೆಯ ಕಾಲದಲ್ಲಿ 42, ಆಮೇಲೆ 73. ಒಂದು ಸಂಖ್ಯೆಯಿಂದ ಕಾಲ ಗೊತ್ತಾಗುವುದು ಹೀಗೆ.

ಎರಡನೆಯದು ಲೋಹ. ಆ ಕಾಲದಲ್ಲಿ ಸಾಮಾನ್ಯ ಸೈನಿಕನ ಗುಂಡಿ ತವರಕ್ಕೆ ಸೀಸ ಮುಂತಾದವನ್ನು ಬೆರೆಸಿ ಎರಕ ಹೊಯ್ದದ್ದು. ಬೂದು ಬಣ್ಣ, ಮೆತ್ತಗೆ. ಅಧಿಕಾರಿಯದ್ದಕ್ಕೆ ಚಿನ್ನದ ಅಥವಾ ಬೆಳ್ಳಿಯ ಲೇಪ. ಬ್ರಿಟಿಷ್ ಸೈನ್ಯದ ಸಾಮಾನ್ಯ ಸೈನಿಕರಿಗೆ ಹಿತ್ತಾಳೆಯ ಗುಂಡಿ ಬಂದದ್ದು 1855ರಲ್ಲಿ. 1871ರಿಂದ ಅವರ ಗುಂಡಿಯಲ್ಲಿ ರೆಜಿಮೆಂಟಿನ ಸಂಖ್ಯೆಯ ಬದಲು ಎಲ್ಲರಿಗೂ ಒಂದೇ ರಾಜಲಾಂಛನ ಬಂತು.

ಮೂರನೆಯದು ಚಿತ್ರ. ಎರಡು ಮುಂಗಾಲಲ್ಲಿ ಕಿರೀಟ ಹಿಡಿದು ನಿಂತ ಸಿಂಹ ಇದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು. 1858ರಲ್ಲಿ ಆಡಳಿತ ಕಂಪನಿಯಿಂದ ರಾಣಿಗೆ ಹೋಯಿತು. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟಕ್ಕೂ ಆಮೇಲಿನ ರಾಜರ ಕಾಲದ ಕಿರೀಟಕ್ಕೂ ಆಕಾರದಲ್ಲಿ ವ್ಯತ್ಯಾಸ ಇದೆ. 1950ರ ಜನವರಿ 26ರ ನಂತರ ನಮ್ಮ ಸೈನ್ಯದಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು.

ನಾಲ್ಕನೆಯದು ಬೆನ್ನು. ಗುಂಡಿಯ ಹಿಂಬದಿಯಲ್ಲಿ ಅನೇಕ ಸಲ ಮಾಡಿದವರ ಹೆಸರು ಇರುತ್ತದೆ. ಲಂಡನ್ನಿನ ಫರ್ಮಿನ್, ಬರ್ಮಿಂಗ್‌ಹ್ಯಾಮ್‌ನ ಗಾಂಟ್ ಇಂಥ ಹೆಸರಾದ ತಯಾರಕರು.

ನಮ್ಮ ಜಿಲ್ಲೆಯವರು ಇನ್ನೊಂದು ಮಾತು ನೆನಪಿಡಬೇಕು. ಲೋಹದ ಗುಂಡಿಯೆಲ್ಲ ಸೈನ್ಯದ್ದಲ್ಲ. ಪೊಲೀಸರು, ರೈಲ್ವೆಯವರು, ಸರಕಾರಿ ಜವಾನರು ಎಲ್ಲರಿಗೂ ಲೋಹದ ಗುಂಡಿ ಇತ್ತು. ಜವಾನರ ಎದೆಯ ಪಟ್ಟಿಗೆ ಹಿತ್ತಾಳೆಯ ಬಿಲ್ಲೆಯೂ ಇತ್ತು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿಗೆ ಸೇರಿದವರು. ಕಾರ್ಕಳದ ಹಳೆಯ ಮನೆಯೊಂದರಲ್ಲಿ ಸಿಕ್ಕ ಬಿಲ್ಲೆಯಲ್ಲಿ ಮದ್ರಾಸಿನ ಹೆಸರಿದ್ದರೆ ಅದು ಎಲ್ಲಿಂದಲೋ ಬಂದದ್ದೆಂದು ಬಿಸಾಡಬೇಡಿ. ನಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಹುಣಸೆಹುಳಿ ಬೇಡ

ಹಿತ್ತಾಳೆ ಕಂಡರೆ ತಿಕ್ಕುವುದು ನಮ್ಮ ಮನೆಗಳ ಅಭ್ಯಾಸ. ಕಾಲುದೀಪಕ್ಕೆ, ಚೆಂಬಿಗೆ, ಹರಿವಾಣಕ್ಕೆ ಹುಣಸೆಹುಳಿ, ಬಿಂಬುಳಿ, ಬೂದಿ ಹಾಕಿ ತಿಕ್ಕುತ್ತೇವೆ. ದಿನವೂ ಬಳಸುವ ಪಾತ್ರೆಗೆ ಅದು ಸರಿ. ಮಣ್ಣಿನಡಿ ಇದ್ದ ಹಳೆಯ ಗುಂಡಿಗೆ ಅದೇ ಕೆಲಸ ಮಾಡಿದರೆ ಹಾಳು.

ಹುಳಿ ಎಂದರೆ ಆಮ್ಲ. ಅದು ಕೊಳೆಯ ಜೊತೆಗೆ ಲೋಹದ ಮೇಲ್ಪದರವನ್ನೂ ತಿನ್ನುತ್ತದೆ. ಲೇಪದ ಚಿನ್ನ ಕೂದಲಿಗಿಂತ ತೆಳ್ಳಗೆ. ಒಂದು ಸಲ ಎದ್ದುಹೋದರೆ ಮತ್ತೆ ಬರುವುದಿಲ್ಲ. ಸವೆದ ಅಕ್ಷರ, ಸಂಖ್ಯೆ ಎಷ್ಟೋ ಸಲ ಉಳಿದಿರುವುದು ಆ ಹಸಿರು ಮಿಶ್ರಿತ ಕಂದು ಪದರದಲ್ಲೇ. ಅದನ್ನು ತೆಗೆದರೆ ಓದಲು ಏನೂ ಉಳಿಯುವುದಿಲ್ಲ. ತವರದ ಗುಂಡಿಯಂತೂ ಬ್ರಶ್ ಹಾಕಿದರೆ ಹುಡಿಯಾಗಬಹುದು.

ನಮ್ಮ ಮಣ್ಣೂ ಲೋಹಕ್ಕೆ ಸ್ನೇಹಿತನಲ್ಲ. ಕೆಂಪುಕಲ್ಲಿನ ಮಣ್ಣಿನಲ್ಲಿ ಆಮ್ಲ ಇರುತ್ತದೆ. ಮಳೆಗಾಲದ ನೀರು ತಿಂಗಳುಗಟ್ಟಲೆ ಇಳಿಯುತ್ತದೆ. ಕಾಪು, ಮಲ್ಪೆಯಂಥ ಕಡಲ ಬದಿಯಲ್ಲಿ ಉಪ್ಪು ಬೇರೆ. ತಾಮ್ರ ಬೆರೆತ ಲೋಹದೊಳಗೆ ಉಪ್ಪು ಸೇರಿಕೊಂಡರೆ ಗಾಳಿಯ ತೇವ ತಾಗಿದಾಗ ಮೈಮೇಲೆ ತಿಳಿಹಸಿರು ಹುಡಿ ಏಳುತ್ತದೆ. ಕೆರೆದರೆ ಮತ್ತೆ ಬರುತ್ತದೆ. ಅದು ಕೊಳೆಯಲ್ಲ, ಲೋಹದ ಕಾಯಿಲೆ. ಕ್ರಮೇಣ ಇಡೀ ವಸ್ತುವನ್ನು ತಿಂದುಹಾಕುತ್ತದೆ.

ಹಾಗಾದರೆ ಏನು ಮಾಡಬಹುದು? ನೆಲದಿಂದ ಎದ್ದುಬಂದ ಹಳೆಯ ಗುಂಡಿಯನ್ನು ತೊಳೆಯದೆ, ಮಣ್ಣಿನ ಸಮೇತ ನೆರಳಿನಲ್ಲಿ ಒಣಗಲು ಬಿಡಿ. ಬಿಸಿಲಿಗೂ ಒಲೆಗೂ ಇಡಬೇಡಿ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಗದ ಹಾಸಿ ಇಡಿ. ಹೊಸ ಚಪ್ಪಲಿ, ಶೂ ಪೆಟ್ಟಿಗೆಯಲ್ಲಿ ತೇವ ಹೀರುವ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದನ್ನೂ ಜೊತೆಗಿಡಿ. ಹಸಿರು ಹುಡಿ ಏಳುವ ವಸ್ತುವನ್ನು ಬೇರೆ ಡಬ್ಬಿಗೆ ಹಾಕಿ. ಮಿಕ್ಕ ಕೆಲಸ ತಿಳಿದವರದ್ದು.

ನೆಲದಿಂದ ತೆಗೆದದ್ದಲ್ಲದ, ಮನೆಯಲ್ಲೇ ಇದ್ದ ಅಜ್ಜನ ಕೋಟಿನ ಹಿತ್ತಾಳೆ ಗುಂಡಿಯಾದರೆ ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಬಹುದು. ಅಕ್ಷರದ ಸಂದಿಯ ಕೊಳೆಗೆ ಬಿದಿರಿನ ಸೀಳಿನ ಮೊಂಡು ತುದಿ ಸಾಕು. ಸೂಜಿ, ಚೂರಿ, ತಂತಿ ಬ್ರಶ್ ಬೇಡ. ಒದ್ದೆ ಮಾಡಲೇಬೇಕಾದರೆ ಬಾವಿ ನೀರಿನ ಬದಲು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಹತ್ತಿ ಅದ್ದಿ ಒರೆಸಿ, ಕೂಡಲೇ ಒಣಗಿಸಿ.

ಕಾನೂನು ಏನು ಹೇಳುತ್ತದೆ

ಇಂಗ್ಲೆಂಡಿನಲ್ಲಿ ಜಾಗದ ಯಜಮಾನ ಒಪ್ಪಿದರೆ ಹವ್ಯಾಸಿಗಳು ಹೊಲದಲ್ಲಿ ಹುಡುಕಬಹುದು. ಆದರೆ ಅಲ್ಲೂ ಸರಕಾರಿ ಸ್ಮಾರಕದ ಜಾಗಕ್ಕೆ ಯಂತ್ರ ಹಿಡಿದು ಅನುಮತಿ ಇಲ್ಲದೆ ಹೋಗುವಂತಿಲ್ಲ. 1997ರಿಂದ ಅಲ್ಲಿ ಒಂದು ಯೋಜನೆ ಇದೆ. ಸಿಕ್ಕಿದ ವಸ್ತುವನ್ನು ಜಾಗದ ವಿವರದ ಸಮೇತ ಬರೆಸಬಹುದು. ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಹೀಗೆ ದಾಖಲಾಗಿವೆ. ವಿಡಿಯೊದಲ್ಲಿ ಕಾಣದ ಭಾಗ ಇದು.

ನಮ್ಮಲ್ಲಿ ವ್ಯವಸ್ಥೆ ಬೇರೆ. ನೆಲದಲ್ಲಿ ಅಡಗಿದ ಬೆಲೆಬಾಳುವ ವಸ್ತುವಿಗೆ 1878ರಲ್ಲೇ ನಿಧಿ ಕಾಯ್ದೆ ಬಂತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಏನು, ಎಲ್ಲಿ, ಯಾವಾಗ ಸಿಕ್ಕಿತೆಂದು ಕಲೆಕ್ಟರಿಗೆ ಬರೆದು ತಿಳಿಸಬೇಕು ಎಂದು ಅದು ಹೇಳಿತು. ಮುಚ್ಚಿಟ್ಟರೆ ಶಿಕ್ಷೆ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಇದಲ್ಲದೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಚಾರಿತ್ರಿಕ ವಸ್ತು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಮುತ್ತಿಗೆ ಕಾಲದ ಗುಂಡಿ ಈ ಲೆಕ್ಕಕ್ಕೆ ಬರುತ್ತದೆ, ಮೊದಲನೆಯ ಮಹಾಯುದ್ಧದ್ದೂ ಬರುತ್ತದೆ. ಕಾರ್ಕಳದ ಗೊಮ್ಮಟ, ಚತುರ್ಮುಖ ಬಸದಿಯಂಥ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅಗೆಯುವುದಂತೂ ಅಪರಾಧ.

ನಮ್ಮ ರಾಜ್ಯದಲ್ಲಿ ನಿಧಿಯ ಆಸೆಗೆ ದೇವಸ್ಥಾನ, ಬಸದಿ, ವೀರಗಲ್ಲುಗಳ ಬುಡ ಅಗೆದ ಸುದ್ದಿಗಳು ಆಗಾಗ ಬರುತ್ತಲೇ ಇರುತ್ತವೆ. ರಾತ್ರಿ ಯಂತ್ರ ಹಿಡಿದು ಗುಡ್ಡೆಯಲ್ಲಿ ಸುತ್ತುವವನನ್ನು ಕಂಡರೆ ಊರವರು ನಿಧಿಕಳ್ಳ ಎಂದೇ ತಿಳಿಯುತ್ತಾರೆ. ಅದರಲ್ಲಿ ಊರವರ ತಪ್ಪಿಲ್ಲ.

ಇನ್ನೊಂದು ಭಯವೂ ನಮ್ಮ ಕಿವಿಗೆ ಬೀಳುತ್ತದೆ. ಪಂಚಾಂಗಕ್ಕೆ ಅಗೆಯುವಾಗ ಏನಾದರೂ ಸಿಕ್ಕಿತೆಂದು ಹೇಳಿದರೆ ಜಾಗವೇ ಹೋದೀತು ಎಂದು. ಅದಕ್ಕಾಗಿಯೇ ಜೆಸಿಬಿ ಎತ್ತಿದ್ದನ್ನು ಸದ್ದಿಲ್ಲದೆ ಮಣ್ಣಿನ ಜೊತೆ ಲಾರಿಗೆ ತುಂಬುತ್ತಾರೆ. ಒಂದು ಗುಂಡಿ, ಎರಡು ನಾಣ್ಯ ಸಿಕ್ಕಿದ ಮಾತ್ರಕ್ಕೆ ಜಾಗ ಸ್ಮಾರಕ ಆಗುವುದಿಲ್ಲ. ಕೇಂದ್ರ ಸರಕಾರ ಯಾವುದನ್ನಾದರೂ ಸಂರಕ್ಷಿತ ಎಂದು ಘೋಷಿಸಬೇಕಾದರೆ ಮೊದಲು ಗೆಜೆಟ್‌ನಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಮನೆ ಕಟ್ಟುವವರು ಅಷ್ಟು ಹೆದರುವ ಕಾರಣ ಇಲ್ಲ.

ಸಿಕ್ಕಿದರೆ ಮಾಡಬೇಕಾದದ್ದು ಇಷ್ಟು. ಅಲ್ಲಿಯೇ ಫೋಟೊ ತೆಗೆಯಿರಿ. ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯ ಇಡಿ, ಅದರ ಅಗಲ 27 ಮಿಲಿಮೀಟರ್, ಅಳತೆ ತಿಳಿಯುತ್ತದೆ. ಮೊಬೈಲಿನ ಲೊಕೇಶನ್ ಉಳಿಸಿಕೊಳ್ಳಿ. ಎಷ್ಟು ಆಳ, ಜೊತೆಗೆ ಏನಿತ್ತು, ಯಾವ ದಿನ ಎಂದು ಬರೆದಿಡಿ. ಗ್ರಾಮ ಆಡಳಿತಾಧಿಕಾರಿಗೆ ಅಥವಾ ತಹಶೀಲ್ದಾರರಿಗೆ ತಿಳಿಸಿ, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗುಂಡು, ಶೆಲ್, ರಾಕೆಟ್ಟಿನಂಥದ್ದು ಕಂಡರೆ ಮುಟ್ಟದೆ 112ಕ್ಕೆ ಕರೆ ಮಾಡಿ.

ಅಟ್ಟದ ಮೇಲಿನ ಟ್ರಂಕು

ನಿಜ ಹೇಳಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ಸೈನಿಕರ ಗುಂಡಿ ಹುಡುಕಲು ಯಂತ್ರವೇ ಬೇಡ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯದಲ್ಲಿದ್ದವರು ಸುಮಾರು 25 ಲಕ್ಷ. ಬರ್ಮಾ, ಆಫ್ರಿಕ, ಇಟಲಿ ಎಂದು ಹೋದರು. ಕೆಲವರು ಬರಲಿಲ್ಲ. ಬಂದವರು ಒಂದು ಕಬ್ಬಿಣದ ಟ್ರಂಕು ತಂದರು. ಆಮೇಲೆ 1962, 1965, 1971ರ ಯುದ್ಧಗಳಿಗೆ ಹೋದವರು ತಂದ ಟ್ರಂಕುಗಳೂ ಇವೆ. ಕೋಟು ಗೆದ್ದಲಿಗೆ ಹೋಗಿರಬಹುದು. ಗುಂಡಿ, ಭುಜದ ಬಿಲ್ಲೆ, ಪದಕ ಬಿಸ್ಕೆಟ್ ಡಬ್ಬಿಯಲ್ಲಿ ಉಳಿದಿರುತ್ತವೆ.

ಇವು ನಿಧಿಯಲ್ಲ, ಮನೆಯ ಸೊತ್ತು. ಇವಕ್ಕೆ ಇರುವ ಅಪಾಯ ಗುಜರಿಯವನ ತಕ್ಕಡಿ. ಹಳೆಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟದ ಸಾಮಾನೆಲ್ಲ ಒಂದೇ ದಿನದಲ್ಲಿ ಹೊರಗೆ ಬೀಳುತ್ತದೆ. ಹಿತ್ತಾಳೆ ಒಂದು ಕಡೆ, ಕಬ್ಬಿಣ ಒಂದು ಕಡೆ. ಯಾವ ಗುಂಡಿ ಯಾವ ಅಜ್ಜನದ್ದು ಎಂದು ಕೇಳುವವರಿಲ್ಲ. ಮನೆಯ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಬೇಕು. ಅಜ್ಜ ಯಾವ ರೆಜಿಮೆಂಟು, ಯಾವ ವರ್ಷ ಸೇರಿದ್ದು, ಎಲ್ಲೆಲ್ಲಿ ಇದ್ದದ್ದು, ಊರಿಗೆ ಬಂದದ್ದು ಯಾವಾಗ. ಅಜ್ಜಿಗೆ ಊರಿನ ಹೆಸರು ನೆನಪಿರಲಿಕ್ಕಿಲ್ಲ, ಮನಿಯಾರ್ಡರ್ ಬಂದ ತಿಂಗಳು ನೆನಪಿರುತ್ತದೆ. ಅದನ್ನೂ ಬರೆಯಿರಿ. ಚೀಟಿಯನ್ನು ಡಬ್ಬಿಯ ಒಳಗೇ ಇಡಿ.

ಓದಲು ಸಹಾಯ ಬೇಕಾದರೆ ದೂರ ಹೋಗಬೇಕಿಲ್ಲ. ಕಾಪು ತಾಲೂಕಿನ ಶಿರ್ವದ ಎಂ.ಎಸ್.ಆರ್.ಎಸ್. ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಪಾಠ ಮಾಡಿದ ಪ್ರೊ. ಟಿ. ಮುರುಗೇಶಿ ಅವರು ಮೂಡುಬಿದಿರೆ ಬಳಿಯ ಮೂಡುಕೊಣಾಜೆಯಲ್ಲಿ ಸುಟ್ಟ ಮಣ್ಣಿನ ಪ್ರಾಚೀನ ಗೊಂಬೆಗಳನ್ನು ಪತ್ತೆ ಮಾಡಿದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ಉಡುಪಿಯಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ. ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯ ಇದೆ. ಮಂಗಳೂರಿನ ಬಿಜೈಯಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಶ್ರೀಮಂತಿ ಬಾಯಿಯವರ ಹೆಸರಿದೆ. ತಾಯಿಯ ನೆನಪಿಗೆ ಆ ಕಟ್ಟಡ ಕೊಟ್ಟವರು ಕರ್ನಲ್ ಮಿರಾಜ್ಕರ್, ಅವರೂ ಸೈನ್ಯದವರೇ.

ನಿಮ್ಮ ಮನೆಯಲ್ಲೂ ಅಂಥ ಡಬ್ಬಿ ಇದ್ದರೆ ಈ ಭಾನುವಾರ ಅಟ್ಟದಿಂದ ಇಳಿಸಿ. ಗುಂಡಿಯ ಎರಡೂ ಬದಿಯ ಫೋಟೊ ತೆಗೆಯಿರಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹುಣಸೆಹುಳಿ ಅಡುಗೆಮನೆಯಲ್ಲೇ ಇರಲಿ.